ಎರಡು ಖಜಾನೆಗಳ ವರ್ತಕ

ಕ್ರಿ.ಶ. 1453ರ ಸುಮಾರಿಗೆ ಕೊಂಕಣದ ದಾಭೋಳ ಬಂದರಿನಲ್ಲಿ ಪರ್ಷಿಯಾದ ವರ್ತಕನೊಬ್ಬ ಹಡಗಿನಿಂದ ಇಳಿದ. ಆಗಲೇ ನಲವತ್ತು ದಾಟಿದ ವಯಸ್ಸು. ಹುಟ್ಟೂರು ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನ್ ಸೀಮೆ. ಅಲ್ಲಿನ ಅರಸರ ಬಳಿ ಅಧಿಕಾರ ಕಂಡ ಮನೆತನ ಅವನದು. ಆಸ್ಥಾನದ ಹೊಟ್ಟೆಕಿಚ್ಚಿಗೆ ಬೇಸತ್ತು ಊರು ತೊರೆದು ವ್ಯಾಪಾರಕ್ಕೆ ಇಳಿದಿದ್ದ. ತಂದ ಸರಕು ಮಾರುವುದು, ಬೀದರಿನಲ್ಲಿ ಸೂಫಿ ಸಂತ ಶಾ ಮುಹಿಬ್ಬುಲ್ಲಾರನ್ನು ಕಾಣುವುದು, ಅಲ್ಲಿಂದ ದಿಲ್ಲಿಯ ದಾರಿ ಹಿಡಿಯುವುದು ಅವನ ಎಣಿಕೆ. ದಿಲ್ಲಿಗೆ ಹೋಗುವ ಯೋಗ ಅವನಿಗಿರಲಿಲ್ಲ. ಸುಲ್ತಾನ ಎರಡನೆಯ ಅಲಾವುದ್ದೀನ್ ಅಹ್ಮದ್ ಅವನನ್ನು ಬೀದರಿನಲ್ಲೇ ಉಳಿಸಿಕೊಂಡ. ಮುಂದಿನ ಇಪ್ಪತ್ತೆಂಟು ವರ್ಷ, ಕೊನೆಯುಸಿರಿನವರೆಗೂ, ಅವನು ಬಹಮನಿ ರಾಜ್ಯದ ಮನುಷ್ಯ.

ಅವನೇ ಖ್ವಾಜಾ ಮಹಮೂದ್ ಗವಾನ್. ಶಾಲೆಯ ಪುಸ್ತಕಗಳು ಅವನನ್ನು ಮಂತ್ರಿಯೆಂದು ನೆನೆಯುತ್ತವೆ. ನಾಲ್ಕಿದ್ದ ಪ್ರಾಂತಗಳನ್ನು ಎಂಟಾಗಿ ಒಡೆದವನು, ಜಮೀನು ಅಳೆಸಿ ಕಂದಾಯ ಗೊತ್ತುಮಾಡಿದವನು, ಪ್ರಾಂತ ಆಳುವ ಒಬ್ಬೊಬ್ಬ ತರಫ್‌ದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿದವನು. ಎಲ್ಲವೂ ನಿಜ. ಆದರೆ ಸುಲ್ತಾನ ಹುಮಾಯೂನ್ ಶಹಾನ ಕಾಲದಲ್ಲಿ ಅವನಿಗೆ ಸಂದ ಬಿರುದು ಮಲಿಕ್-ಉತ್-ತುಜ್ಜಾರ್, ವರ್ತಕರ ಒಡೆಯ. ಬಿರುದುಗಳು ಸಾಮಾನ್ಯವಾಗಿ ಹೊಗಳಿಕೆಗೆ ಮಾತ್ರ. ಇವನ ವಿಷಯದಲ್ಲಿ ಅದು ಕಸುಬಿನ ಹೆಸರೂ ಆಗಿತ್ತು. ಮಂತ್ರಿಯಾದ ಮೇಲೂ ಖ್ವಾಜಾ ವ್ಯಾಪಾರ ಬಿಡಲಿಲ್ಲ. 1472ರಲ್ಲಿ ವಿಜಯನಗರದ ಕೈಯಿಂದ ಗೋವೆಯನ್ನು ಕಸಿದದ್ದರಲ್ಲೂ ಹಡಗಿನ ವರ್ತಕನ ಕಣ್ಣು ಕಾಣುತ್ತದೆ. ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು ಅದು. ಕುದುರೆ ಯಾರ ಕೈಸೇರುವುದೋ ದಖ್ಖನ್ನಿನ ಗೆಲುವು ಅವರದು.

ಅದೇ ಕಾಲಕ್ಕೆ ಬೀದರಿಗೆ ಇನ್ನೊಬ್ಬ ವರ್ತಕ ಬಂದಿದ್ದ. ರಷ್ಯಾದ ಅಫನಾಸಿ ನಿಕಿತಿನ್, ಒಂದೇ ಒಂದು ಕುದುರೆಯನ್ನು ನಂಬಿ ಸಮುದ್ರ ದಾಟಿ ಬಂದವನು. ಕುದುರೆ ಬೀದರಿನಲ್ಲಿ ಮಾರಾಟವಾಯಿತು. ಬೀದರಿನಿಂದ ಹನ್ನೆರಡು ಕೋಸು ದೂರದಲ್ಲಿ ಶೇಖ್ ಅಲಾವುದ್ದೀನನ ಹೆಸರಿನಲ್ಲಿ ಸೇರುತ್ತಿದ್ದ ಹತ್ತು ದಿನಗಳ ಜಾತ್ರೆಗೆ ಇಪ್ಪತ್ತು ಸಾವಿರ ಕುದುರೆ ಬರುತ್ತಿದ್ದವೆಂದು ಅವನು ಬರೆದಿಟ್ಟಿದ್ದಾನೆ. ಅದು ಇಂದಿನ ಆಳಂದದ ಜಾತ್ರೆಯೆಂದು ವಿದ್ವಾಂಸರು ಗುರುತಿಸುತ್ತಾರೆ. ಮಲಿಕ್-ಉತ್-ತುಜ್ಜಾರನ ಮನೆಯನ್ನೂ ನಿಕಿತಿನ್ ಬಣ್ಣಿಸಿದ್ದಾನೆ: ದಿನವೂ ಐನೂರು ಜನರ ಊಟ, ಲಾಯದಲ್ಲಿ ಎರಡು ಸಾವಿರ ಕುದುರೆ, ರಾತ್ರಿ ಕಾವಲಿಗೆ ಆಯುಧಪಾಣಿಗಳು, ಕಹಳೆಯವರು, ನಗಾರಿಯವರು. ಸರದಾರರು ಮೆರೆಯುತ್ತಾರೆ, ಹಳ್ಳಿಯ ಜನ ಬಡವರು ಎಂಬ ಮಾತನ್ನೂ ಅವನು ಮುಚ್ಚಿಡಲಿಲ್ಲ.

ಮನೆಯ ಒಳಗಿನ ಗವಾನ್ ಸಿಗುವುದು ಅವನ ಪತ್ರಗಳಲ್ಲಿ. ‘ರಿಯಾಜ್-ಉಲ್-ಇನ್ಶಾ’ ಎಂಬ ಹೆಸರಿನಲ್ಲಿ ಅವು ಒಟ್ಟಾಗಿ ಉಳಿದಿವೆ. ಸುಲ್ತಾನರಿಗೆ, ವಿದ್ವಾಂಸರಿಗೆ, ಹೆರಾತಿನ ಕವಿ ಜಾಮಿಗೆ ಬರೆದ ಓಲೆಗಳ ನಡುವೆ ಅಣ್ಣತಮ್ಮಂದಿರ ಸಂಸಾರದ ಓಲೆಗಳೂ, ಮಕ್ಕಳಿಗೆ ಬರೆದವೂ ಇವೆ. ಗಿಲಾನಿನಲ್ಲಿದ್ದ ಮಗ ಅಬ್ದುಲ್ಲಾ ದಾರಿತಪ್ಪಿದ ಸುದ್ದಿ ಕೇಳಿ ಅಪ್ಪ ಕಟುವಾಗಿಯೇ ಗದರಿದ್ದಾನೆ. ಇನ್ನೊಬ್ಬ ಮಗ ಅಲಿಗೆ ಅಧಿಕಾರ ನಡೆಸುವ ಬಗೆಯ ಉಪದೇಶ. ದೇಶಾಂತರದಲ್ಲಿ ಗಳಿಸುತ್ತ ಮಕ್ಕಳನ್ನು ಕಾಗದದಲ್ಲೇ ತಿದ್ದಬೇಕಾದ ಅಪ್ಪನ ಕಷ್ಟ ಇಂದಿನವರಿಗೂ ಹೊಸದಲ್ಲ.

1481ರ ಏಪ್ರಿಲ್ 5. ಆಂಧ್ರದ ಕೊಂಡಪಲ್ಲಿಯ ದಂಡಿನ ಬಿಡಾರ. ಗವಾನನ ಮೊಹರು ಕಾಯುತ್ತಿದ್ದ ಗುಲಾಮನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದ ಶತ್ರುಗಳು, ಒಡಿಶಾದ ಗಜಪತಿಯನ್ನು ದಂಡೆತ್ತಿ ಬರಲು ಕರೆವ ಪತ್ರವನ್ನು ಅದರ ಮೇಲೆ ಬರೆಸಿ ಮೂರನೆಯ ಮುಹಮ್ಮದ್ ಶಹಾನ ಕೈಗಿಟ್ಟರು. ಮೊಹರು ತನ್ನದೇ, ಬರಹ ತನ್ನದಲ್ಲ ಎಂದು ಮುದುಕ ಹೇಳಿದ. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆಗೆ ಕಾಯಲಿಲ್ಲ. ಅಲ್ಲೇ ತಲೆ ಉರುಳಿತು.

ಸತ್ತವನ ಸಂಪತ್ತು ಎಷ್ಟಿದ್ದೀತೆಂದು ಅರಸ ಖಜಾಂಚಿಯನ್ನು ಕರೆಸಿದ. ಆ ಲೆಕ್ಕವನ್ನು ಫರಿಷ್ತಾ ತನ್ನ ಇತಿಹಾಸದಲ್ಲಿ ದಾಖಲಿಸಿದ್ದಾನೆ. ಒಡೆಯನಿಗೆ ಎರಡು ಖಜಾನೆಗಳಿದ್ದವು ಎಂದ ಖಜಾಂಚಿ. ಒಂದು ಅರಸನದು; ಜಹಗೀರಿನ ಉತ್ಪನ್ನವೆಲ್ಲ ಅಲ್ಲಿಗೆ, ದಂಡು, ಲಾಯ, ಪರಿವಾರದ ಖರ್ಚೆಲ್ಲ ಅಲ್ಲಿಂದ. ಇನ್ನೊಂದು ಬಡವರದು. ಪರ್ಷಿಯಾದಿಂದ ಬರುವಾಗ ತಂದಿದ್ದ ನಲವತ್ತು ಸಾವಿರ ಲಾರಿ ಬಂಡವಾಳವನ್ನು ಖ್ವಾಜಾ ವರ್ಷವರ್ಷವೂ ಸರಕಿಗೆ ಹಾಕಿ ತಿರುಗಿಸುತ್ತಿದ್ದ. ಲಾರಿಯೆಂದರೆ ಬೆಳ್ಳಿಯ ತಂತಿಯನ್ನು ಮಡಿಸಿ ಮುದ್ರೆ ಒತ್ತಿದ ನಾಣ್ಯ, ಕೊಲ್ಲಿಯ ವ್ಯಾಪಾರಿಗಳಿಗೆ ಪಳಗಿದ್ದು. ಬಂದ ಲಾಭದಲ್ಲಿ ತನ್ನ ಊಟಬಟ್ಟೆಗೆ ದಿನಕ್ಕೆ ಎರಡು ಲಾರಿ. ಮಿಕ್ಕಿದ್ದು ಹುಟ್ಟೂರಿನ ತಾಯಿಗೆ, ಬಂಧುಬಳಗಕ್ಕೆ, ದೀನರಿಗೆ. ಬಡವರ ಖಜಾನೆಯಲ್ಲಿ ಆ ದಿನ ಉಳಿದದ್ದು ಮುನ್ನೂರು ಲಾರಿಯ ಒಂದು ಚೀಲ.

ನಿಕಿತಿನ್ ಕಂಡ ವೈಭವಕ್ಕೂ ಈ ಚೀಲಕ್ಕೂ ಹೊಂದಿಕೆಯಿಲ್ಲವೆಂದು ಕೆಲವರಿಗೆ ಅನಿಸೀತು. ನನಗೆ ಹಾಗೆ ತೋರುವುದಿಲ್ಲ. ಐನೂರು ಎಲೆಯ ಊಟ ಪದವಿಯ ಲೆಕ್ಕಕ್ಕೆ ಬಿದ್ದದ್ದು, ಎರಡು ಲಾರಿ ಮನೆಯ ಲೆಕ್ಕಕ್ಕೆ. ಖಾತೆಗಳನ್ನು ಕಲಸದಿರುವುದು ಹಳೆಯ ವರ್ತಕರ ಶಿಸ್ತು. ಅರಮನೆಗೆ ಹೋದರೂ ಅವನು ಅದನ್ನು ಬಿಡಲಿಲ್ಲ.

ಸುಲ್ತಾನ ಮರುವರ್ಷವೇ ತೀರಿಕೊಂಡ. ರಾಜ್ಯ ಮುಂದೆ ಐದು ಹೋಳಾಯಿತು. ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮೂರಂತಸ್ತಿನ ಮದರಸಾದ ಒಂದು ಪಾರ್ಶ್ವ, ಔರಂಗಜೇಬನ ಕಾಲದಲ್ಲಿ ಅಲ್ಲಿ ತುಂಬಿಟ್ಟಿದ್ದ ಮದ್ದು 1696ರಲ್ಲಿ ಸಿಡಿದು ಕುಸಿಯಿತು. ಉಳಿದ ಮಿನಾರಿನ ಮೇಲೆ ಪರ್ಷಿಯಾ ಬಗೆಯ ಬಣ್ಣದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಅಂಟಿಕೊಂಡಿವೆ. ಭಾಲ್ಕಿ, ಔರಾದ್ ಕಡೆಯಿಂದ ಖರೀದಿಗೆಂದು ಹಳೆಯ ಊರಿಗೆ ಬರುವವರು ಚೌಬಾರದಿಂದ ಕೋಟೆಗೆ ಹೋಗುವ ದಾರಿಯಲ್ಲಿ ಅದನ್ನು ನೋಡಿಯೇ ಇರುತ್ತಾರೆ. ಆದರೆ ಕಟ್ಟಿಸಿದವನ ಗೋರಿ ಇರುವುದು ಬೀದರಿನ ಹೊರಗೆ, ಗೋರನಳ್ಳಿಯಲ್ಲಿ. ಮದರಸಾ ನೋಡಿದವರು ಒಮ್ಮೆ ಅಲ್ಲಿಗೂ ಹೋಗಿ ಬನ್ನಿ.