ಮಂಗಳೂರಲ್ಲಿ ವ್ರತ ತಗೊಂಡ ಮರಿಯಂ: ಕನ್ಯಾಸ್ತ್ರೀ ಆಗೋದನ್ನ ತೀರ್ಮಾನ ಮಾಡೋರು ಯಾರು?

ಈ ಎಪಿಸೋಡ್‌ಗೆ ಒಂದೇ ಪ್ರಶ್ನೆ. ಒಬ್ಬ ಹುಡುಗಿ ‘ನಾನು ಕನ್ಯಾಸ್ತ್ರೀ ಆಗ್ತೀನಿ’ ಅಂತ ತೀರ್ಮಾನ ಮಾಡಿದ್ರೆ ಅಷ್ಟು ಸಾಕಾ? ಬಾಗಿಲು ತಟ್ಟಿ ಒಳಗೆ ಹೋಗಿಬಿಡಬಹುದಾ? ಇಲ್ಲ. ಒಳಗಿರೋರೂ ‘ಬಾ’ ಅನ್ನಬೇಕು. ಇದನ್ನ ನಮ್ಮ ಮಂಗಳೂರಿನ ಜೊತೆ ನಂಟಿರೋ ಒಬ್ಬ ಪ್ಯಾಲೆಸ್ತೀನಿ ಹುಡುಗಿಯ ಕಥೆಯಲ್ಲಿ ನೋಡೋಣ.

ಮೊದಲು ಒಂದು ವ್ಯತ್ಯಾಸ ತಿಳ್ಕೊಳ್ಳಿ. ನಮಗೆ ಗೊತ್ತಿರೋ ಸಿಸ್ಟರ್‌ಗಳು ಹೆಚ್ಚಾಗಿ ಶಾಲೆ, ಆಸ್ಪತ್ರೆಗಳಲ್ಲಿ ಕೆಲಸ ಮಾಡೋರು. ಆದ್ರೆ ಪ್ರಾರ್ಥನೆ, ಮೌನ, ಧ್ಯಾನವನ್ನೇ ಬದುಕಾಗಿಸಿಕೊಂಡು ಮಠದ ಆವರಣದೊಳಗೇ ಇರೋರೂ ಇದ್ದಾರೆ. ಅಂಥವರಲ್ಲಿ ಕಾರ್ಮೆಲ್ ಸಭೆ ದೊಡ್ಡ ಹೆಸರು. ಅದಕ್ಕೆ ಇವತ್ತಿನ ರೂಪ ಕೊಟ್ಟವರು ಸ್ಪೇನಿನ ಅವಿಲಾದ ತೆರೇಸಾ. 1562ರಲ್ಲಿ ಅವರು ಕಟ್ಟಿದ ಮನೆ ಬೇಕಂತಲೇ ಚಿಕ್ಕದು: ಕೆಲವೇ ಜನ, ದಿನಕ್ಕೆರಡು ಸಲ ಒಂದೊಂದು ಗಂಟೆ ಮೌನ ಪ್ರಾರ್ಥನೆ. ಅಂದಹಾಗೆ, ತೆರೇಸಾ ಕೂಡ 1535ರಲ್ಲಿ ಅಪ್ಪನ ಒಪ್ಪಿಗೆ ಇಲ್ಲದೇನೇ ಮನೆ ಬಿಟ್ಟು ಮಠ ಸೇರಿದವರು.

ಈಗ ಮರಿಯಂ ಬವಾರ್ದಿ ಕಥೆಗೆ ಬರೋಣ. ಹುಟ್ಟಿದ್ದು 1846ರಲ್ಲಿ, ಗಲಿಲಾಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ. ಮೂರು ವರ್ಷ ತುಂಬೋ ಮೊದಲೇ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಸಾಕಿದ್ದು ಚಿಕ್ಕಪ್ಪ. ಹದಿಮೂರರ ಆಸುಪಾಸಿನಲ್ಲಿ ಅವರು ಮದುವೆ ಗೊತ್ತು ಮಾಡಿದಾಗ ಹುಡುಗಿ ‘ಆಗಲ್ಲ’ ಅಂದಳು, ತನ್ನ ಕೂದಲು ತಾನೇ ಕತ್ತರಿಸಿಕೊಂಡಳು. ಆಮೇಲೆ ಮನೆ ಬಿಟ್ಟು ಅಲೆಕ್ಸಾಂಡ್ರಿಯಾ, ಬೈರೂತ್, ಕೊನೆಗೆ ಫ್ರಾನ್ಸಿನ ಮಾರ್ಸೇಯ್ಲ್, ಹೀಗೆ ಊರಿಂದೂರಿಗೆ ಮನೆಗೆಲಸ ಮಾಡ್ಕೊಂಡು ಬದುಕಿದಳು.

ಮಾರ್ಸೇಯ್ಲ್‌ನಲ್ಲಿ 1865ರಲ್ಲಿ ಒಂದು ಸೇವಾ ಸಭೆಗೆ ಸೇರಿದಳು. ಎರಡು ವರ್ಷ ನೋಡಿ, ಈಕೆ ನಮಗೆ ಹೊಂದಲ್ಲ ಅಂತ ಅವರು ತೀರ್ಮಾನಿಸಿದರು. ಭಾವಪರವಶಳಾಗಿ ಮೈಮರೆಯೋದು, ಕೈಕಾಲಲ್ಲಿ ಗಾಯದ ಗುರುತು ಮೂಡೋದು, ಇದೆಲ್ಲ ದಿನಚರಿಯ ಮನೆಗೆ ಕಷ್ಟವೇ. ಆಗ ಕೈ ಹಿಡಿದವರು ಅದೇ ಸಭೆಯಲ್ಲಿದ್ದ ಇಂಗ್ಲಿಷ್ ಮಹಿಳೆ ಮದರ್ ವೆರೋನಿಕಾ. 1867ರಲ್ಲಿ ಮರಿಯಂಳನ್ನ ತಮ್ಮ ಜೊತೆಗೇ ಪೋ ಎಂಬ ಊರಿನ ಕಾರ್ಮೆಲ್ ಮಠಕ್ಕೆ ಕರ್ಕೊಂಡು ಹೋದರು.

ನಾನು ಓದಿರೋದು ಕಾಮರ್ಸ್, ಹಾಗಾಗಿ ದುಡ್ಡಿನ ಲೆಕ್ಕ ಕಣ್ಣಿಗೆ ಬೀಳದೆ ಇರಲ್ಲ. ಆ ಕಾಲದ ಮಠದೊಳಗೂ ಎರಡು ದರ್ಜೆ ಇತ್ತು. ಓದು ಬಲ್ಲವರು, ತವರಿಂದ ಹಣ ತಂದವರು ಪ್ರಾರ್ಥನಾ ಮಂಡಳಿಯಲ್ಲಿ. ಬಡವರು, ಓದು ಬಾರದವರು ಅಡುಗೆಮನೆ, ಬಟ್ಟೆ ಒಗೆಯೋದು, ತೋಟದ ಕೆಲಸಕ್ಕೆ. ಹೌದು, ದೇವರ ಮನೆಗೂ ಒಂಥರಾ ವರದಕ್ಷಿಣೆ ಇತ್ತು! ಅಕ್ಷರ ಅಷ್ಟಕ್ಕಷ್ಟೇ ಗೊತ್ತಿದ್ದ ಮರಿಯಂ ಎರಡನೇ ಸಾಲಿನಲ್ಲೇ ನಿಂತಳು. ಈ ಭೇದ ಬೇಡ ಅಂತ ಚರ್ಚ್ ಹೇಳಿದ್ದು ತುಂಬಾ ತಡವಾಗಿ, 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ.

1870ರ ಆಗಸ್ಟ್‌ನಲ್ಲಿ ಮಂಗಳೂರಿಗೆ ಹಡಗು ಹೊರಟಿತು. ಭಾರತದ ಮೊದಲ ಕಾರ್ಮೆಲ್ ಮಠ ಕಟ್ಟೋ ತಂಡದಲ್ಲಿ ಮರಿಯಂ ಇದ್ದಳು. ಗುರಿ ಮುಟ್ಟೋ ಮೊದಲೇ ಮೂವರು ಕನ್ಯಾಸ್ತ್ರೀಯರು ತೀರಿಕೊಂಡರು. ನವೆಂಬರ್‌ನಲ್ಲಿ ಉಳಿದವರು ಮಂಗಳೂರು ಸೇರಿದರು. ಮದರ್ ವೆರೋನಿಕಾ ಕಟ್ಟಿದ ಅಪೊಸ್ತಲಿಕ್ ಕಾರ್ಮೆಲ್‌ನ ಸಿಸ್ಟರ್‌ಗಳೂ ಜೊತೆಗೇ ಬಂದಿದ್ದರು. ಅವರದ್ದು ಶಿಕ್ಷಣದ ದಾರಿ. 1921ರಲ್ಲಿ ಶುರುವಾದ ಸೇಂಟ್ ಆಗ್ನೆಸ್ ಕಾಲೇಜು ಅವರದೇ. ಮರಿಯಂ ಇದ್ದ ತಂಡ ಮಾತ್ರ ಆವರಣದೊಳಗೆ ಮೌನಕ್ಕೆ ಇಳಿಯಿತು.

1871ರ ನವೆಂಬರ್ 21ರಂದು, ಮಂಗಳೂರಲ್ಲಿ, ಮರಿಯಂ ವ್ರತ ಸ್ವೀಕರಿಸಿದಳು. ಬಡತನ, ಬ್ರಹ್ಮಚರ್ಯ, ವಿಧೇಯತೆ. ಮನೆಗೆಲಸದ ಹುಡುಗಿ ಕೊನೆಗೂ ತಾನು ಆರಿಸಿಕೊಂಡ ಬದುಕಿಗೆ ಬಂದಳು. ಸಿನಿಮಾ ಆಗಿದ್ರೆ ಇಲ್ಲಿಗೆ ಶುಭಂ.

ಆದ್ರೆ ವರ್ಷ ತುಂಬೋ ಮೊದಲೇ ಅವಳ ಅನುಭವಗಳ ಬಗ್ಗೆ ಅನುಮಾನ ಎದ್ದಿತು. ದೇವರದ್ದಾ, ಭ್ರಮೆಯಾ, ಬೇರೇನಾದ್ರೂ ಇದೆಯಾ? 1872ರಲ್ಲಿ ಅವಳನ್ನ ಪೋ ಮಠಕ್ಕೆ ವಾಪಸ್ ಕಳಿಸಿದರು. ಒಂದು ಕ್ಷಣ ಯೋಚನೆ ಮಾಡಿ. ಮದುವೆ ಬೇಡ ಅನ್ನೋಕೆ ಅವಳೊಬ್ಬಳ ಧೈರ್ಯ ಸಾಕಾಗಿತ್ತು. ಆದ್ರೆ ಮಠದಲ್ಲಿ ಉಳಿಯೋಕೆ ಉಳಿದವರ ನಂಬಿಕೆಯೂ ಬೇಕಿತ್ತು. ಅದು ಅವಳ ಕೈಯಲ್ಲಿ ಇರಲಿಲ್ಲ.

ಪೋ ಅವಳನ್ನ ಮತ್ತೆ ಸೇರಿಸಿಕೊಂಡಿತು. 1875ರಲ್ಲಿ ಬೆತ್ಲೆಹೇಮ್‌ಗೆ ಹೋಗಿ ಅಲ್ಲೊಂದು ಕಾರ್ಮೆಲ್ ಕಟ್ಟೋ ಕೆಲಸಕ್ಕೆ ನಿಂತಳು. ಕೆಲಸಗಾರರಿಗೆ ನೀರು ಒಯ್ಯುವಾಗ ಬಿದ್ದು ಕೈ ಮುರಿಯಿತು, ಗ್ಯಾಂಗ್ರಿನ್ ಆಯಿತು. 1878ರ ಆಗಸ್ಟ್ 26ರಂದು ತೀರಿಕೊಂಡಾಗ ವಯಸ್ಸು ಬರೀ 32. ಒಮ್ಮೆ ಅನುಮಾನದಿಂದ ವಾಪಸ್ ಕಳಿಸಲ್ಪಟ್ಟವಳನ್ನ 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತೆ ಎಂದು ಘೋಷಿಸಿದರು.

ಈಗ ನಿಯಮ ಏನು? 2018ರ ವ್ಯಾಟಿಕನ್ ನಿಯಮಾವಳಿ ಪ್ರಕಾರ ಇಂಥ ಮಠದಲ್ಲಿ ಶಾಶ್ವತ ವ್ರತಕ್ಕೆ ಕನಿಷ್ಠ 9 ವರ್ಷ ಬೇಕು. ಒಂದು ವರ್ಷ ಪರಿಚಯ, ಇನ್ನೊಂದು ವರ್ಷ ಒಳಗಿದ್ದು ತಯಾರಿ, ಎರಡು ವರ್ಷ ನೊವಿಸ್, ಐದು ವರ್ಷ ತಾತ್ಕಾಲಿಕ ವ್ರತ. ನಮ್ಮ ಬಿ.ಕಾಂ ಮೂರು ಸಲ ಮುಗಿಯುತ್ತೆ! ಈ ದಾರಿಯಲ್ಲಿ ಮಠದವರು ಮತ ಹಾಕಿ ಹುಡುಗಿಯನ್ನ ಮುಂದಕ್ಕೆ ಬಿಡ್ತಾರೆ. ಹುಡುಗಿ ಕೂಡ ‘ಇದು ನಂದಲ್ಲ’ ಅಂತ ಹೊರಡಬಹುದು.

ನನಗನ್ನಿಸೋದು, ಆ ಕಾಯೋ ವರ್ಷಗಳ ಬೆಲೆ ಇರೋದೇ ಇದರಲ್ಲಿ. ‘ಹೂಂ’ ಅನ್ನೋದು ನಿಜವಾಗಬೇಕಾದ್ರೆ ‘ಊಹೂಂ’ ಅನ್ನೋಕೂ ಜಾಗ ಇರಬೇಕು. ಮರಿಯಂಗೆ ಚಿಕ್ಕಪ್ಪನ ಮನೆಯಲ್ಲಿ ಆ ಜಾಗ ಇರಲಿಲ್ಲ, ಅವಳೇ ಮಾಡಿಕೊಂಡಳು. ನಿಮಗೇನನ್ಸುತ್ತೆ? ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.