ಪೆಟ್ಟಿಗೆ ಯಾರದು, ಲೆಕ್ಕ ಯಾರದು

ಇವತ್ತು ಕಡತ ಎಂದರೆ ಸರ್ಕಾರಿ ಕಚೇರಿಯ ಫೈಲು. ಇನ್ನೂರು ವರ್ಷದ ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು. ಮೈಸೂರು ಸೀಮೆಯ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ 1810ರ ತನ್ನ ಗ್ರಂಥದಲ್ಲಿ ಅದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಯ ಬಟ್ಟೆ. ಅದರ ಎರಡೂ ಮೈಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಕಪ್ಪಿನ ಮೇಲೆ ಬಿಳಿಯಾಗಿ ಬರೆಯುವುದು. ಬಹುಕಾಲ ಬಾಳಿಕೆ ಬರುತ್ತಿದ್ದ ಈ ಬರಹವನ್ನು ಬೇಕಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ನನ್ನ ವಾದ ಹುಟ್ಟುವುದು ಈ ಒರೆಸುವ ಗುಣದಿಂದಲೇ. ಕಲ್ಲಿನ ಶಾಸನವನ್ನು ತಿದ್ದಬೇಕಾದರೆ ಉಳಿ ಬೇಕು, ತಿದ್ದಿದ ಗುರುತೂ ಉಳಿಯುತ್ತದೆ. ಕಡತವನ್ನು ತಿದ್ದಲು ಅಂಗೈ ಸಾಕು. ಹಾಗಿದ್ದಮೇಲೆ ಕಡತದ ಮಾತನ್ನು ಜನ ನಂಬಿದ್ದು ಯಾವ ಧೈರ್ಯದ ಮೇಲೆ? ಅದು ಯಾರ ಮನೆಯಲ್ಲಿತ್ತು, ಯಾರ ಕೈಯಲ್ಲಿತ್ತು ಎಂಬುದರ ಮೇಲೆ. ಕಂಪ್ಯೂಟರಿನ ಡಿಸ್ಕೂ ಒರೆಸಿ ಬರೆಯುವ ಹಲಗೆಯೇ ಆದ್ದರಿಂದ ಇದು ಹಳೆಯ ಕಾಲಕ್ಕೆ ಮುಗಿದ ಪ್ರಶ್ನೆಯಲ್ಲ. ಒಬ್ಬರು ಬರೆದ ತಂತ್ರಾಂಶವನ್ನು ಇನ್ನೊಬ್ಬರು ಕೊಂಡ ಸರ್ವರಿನ ಮೇಲೆ ಕೂರಿಸಿ ಮೂರನೆಯವರ ದಾಖಲೆ ಕಾಯುವ ಈಗಿನ ಪದ್ಧತಿಗೆ ಮಲೆನಾಡಿನಲ್ಲಿ ಒಂದು ಹಳೆಯ ಚರಿತ್ರೆಯೇ ಇದೆ.

ಮೊದಲ ಸಾಕ್ಷಿ ಶೃಂಗೇರಿಯದು. ಪೇಟೆಯ ಪಕ್ಕದ ಮೆಣಸೆಯಲ್ಲಿ ಇಂದು ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಪರಿಸರವಿದೆ. ಈ ನೆಲದ ಅಕ್ಷರದ ಲೆಕ್ಕ ಅದಕ್ಕಿಂತ ಆರೇಳು ಶತಮಾನ ಹಿಂದಿನದು. 1346ರಲ್ಲಿ ಹರಿಹರ ಮತ್ತವನ ತಮ್ಮಂದಿರು ಶೃಂಗೇರಿಗೆ ಬಂದು ಕೊಟ್ಟ ಭೂಮಿಯ ಮಾತು ಕಲ್ಲಿನ ಮೇಲಿದೆ. ದಾನದ ಮಾತಿಗೆ ಕಲ್ಲು ಸರಿ. ಆದರೆ ದಾನ ಬಂದ ಭೂಮಿಯಿಂದ ವರ್ಷವರ್ಷವೂ ಏನು ಬಂತು, ಯಾರು ಬಾಕಿ ಉಳಿಸಿಕೊಂಡರು, ಯಾವ ಸೇವೆಗೆ ಎಷ್ಟು ಖರ್ಚಾಯಿತು ಎಂಬುದನ್ನು ಕಲ್ಲಿನಲ್ಲಿ ಕೆತ್ತಲಾಗುವುದಿಲ್ಲ. ಅದು ಕಡತದ ಕೆಲಸ. ಮಠದ ಕಡತಗಳು ಮಠದಲ್ಲೇ ಉಳಿದವು. ಅವುಗಳ ಆಧಾರದ ಮೇಲೆಯೇ ಎ.ಕೆ. ಶಾಸ್ತ್ರಿಯವರು ಶೃಂಗೇರಿಯ ಚರಿತ್ರೆ ಬರೆಯುವುದು ಸಾಧ್ಯವಾಯಿತು. 1791ರಲ್ಲಿ ಮರಾಠ ಸೈನ್ಯದ ಸವಾರರು ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನ ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳೂ ಅಲ್ಲೇ ಇದ್ದವು; 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅವನ್ನು ಬೆಳಕಿಗೆ ತಂದರು. ಶ್ರೀರಂಗಪಟ್ಟಣದ ರಾಜ್ಯ ಹೋಯಿತು, ಪತ್ರ ಪಡೆದ ಮನೆಯಲ್ಲಿ ಪತ್ರ ಉಳಿಯಿತು. ಇಲ್ಲಿ ಲೆಕ್ಕವೂ ಮಠದ್ದು, ಪೆಟ್ಟಿಗೆಯೂ ಮಠದ್ದು. ಹಾಳಾದರೆ ನಷ್ಟ ಯಾರಿಗೋ ಅವರೇ ಕಾವಲುಗಾರರು. ಒರೆಸಬಹುದಾದ ಬರಹ ಉಳಿಯಲು ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಕಾಣುವುದಿಲ್ಲ.

ಇದನ್ನು ಕೇಳಿದೊಡನೆ ಏಳುವ ಆಕ್ಷೇಪಣೆ ನ್ಯಾಯವಾದದ್ದೇ. ಊರಿನ ಲೆಕ್ಕ ಊರಿನ ಪೆಟ್ಟಿಗೆಯಲ್ಲಿದ್ದುದರಿಂದ ರೈತನಿಗೆ ಏನು ಸುಖವಾಯಿತು ಎಂದು ಕೇಳಬಹುದು. ಶ್ಯಾನುಭೋಗರ ಕಾಲವನ್ನು ನೆನೆದರೆ ಉತ್ತರ ಕಹಿಯಾಗಿಯೇ ಇದೆ. ಅಲ್ಲಿನ ಏರ್ಪಾಟನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲೆಕ್ಕ ಬರೆಯುವ ಕ್ರಮ ಸರ್ಕಾರದ್ದು: ಯಾವ ವಹಿಯಲ್ಲಿ ಯಾವ ಅಂಕಣ, ಪಹಣಿಯಲ್ಲಿ ಬೆಳೆ ಎಲ್ಲಿ, ಸಾಗುವಳಿದಾರನ ಹೆಸರು ಎಲ್ಲಿ ಎಂಬುದೆಲ್ಲ ಮೇಲಿನಿಂದ ಬಂದ ಕಟ್ಟಳೆ. ಆದರೆ ವಹಿ ಇರುತ್ತಿದ್ದದ್ದು ಸಾಮಾನ್ಯವಾಗಿ ಶ್ಯಾನುಭೋಗರ ಮನೆಯಲ್ಲಿ, ವಂಶಪಾರಂಪರ್ಯವಾಗಿ. ಈಗಿನ ಭಾಷೆಯಲ್ಲಿ ಹೇಳುವುದಾದರೆ ತಂತ್ರಾಂಶ ಸರ್ಕಾರದ್ದು, ಸರ್ವರು ಶ್ಯಾನುಭೋಗರದು, ಒಳಗಿದ್ದ ಬದುಕು ಮಾತ್ರ ರೈತನದು. ರೈತನಿಗೆ ವಹಿ ಓದಲು ಬರುತ್ತಿರಲಿಲ್ಲ. ಬಂದರೂ ತೆರೆಯಿಸಿ ನೋಡುವ ಅಧಿಕಾರವಿರಲಿಲ್ಲ. ಗೇಣಿಗೆ ತೋಟ ಮಾಡಿದವನ ಹೆಸರು ಪಹಣಿಯಲ್ಲಿ ಬಿದ್ದಿದೆಯೋ ಇಲ್ಲವೋ ಎಂಬ ಒಂದು ಗೆರೆಯ ಬೆಲೆ ಎಷ್ಟೆಂದು ತಿಳಿದದ್ದು 1974ರ ಭೂಸುಧಾರಣೆಯ ನಂತರ, ಏಳನೇ ನಮೂನೆಯ ಅರ್ಜಿ ಹಿಡಿದು ಭೂನ್ಯಾಯ ಮಂಡಳಿಯ ಮುಂದೆ ನಿಂತಾಗ. ಪೆಟ್ಟಿಗೆ ಊರಿನಲ್ಲಿತ್ತು ನಿಜ, ಲೆಕ್ಕದ ಯಜಮಾನನ ಮನೆಯಲ್ಲಿರಲಿಲ್ಲ. ಹೀಗಾಗಿ ಶ್ಯಾನುಭೋಗಿಕೆಯ ಕೇಡು ನನ್ನ ವಾದವನ್ನು ಮುರಿಯುವುದಿಲ್ಲ, ಬಿಗಿ ಮಾಡುತ್ತದೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆ ಮನೆತನದ ಹಕ್ಕನ್ನು ಕಿತ್ತು ಸಂಬಳದ ಗ್ರಾಮ ಲೆಕ್ಕಿಗರನ್ನು ತಂದಿತು. ಆದರೆ ವಹಿ ಲೆಕ್ಕಿಗರ ಚೀಲಕ್ಕೆ ಹೋಯಿತೇ ಹೊರತು ರೈತನ ಕಣ್ಣಿಗೆ ಬೀಳಲಿಲ್ಲ.

ಅದು ಕಣ್ಣಿಗೆ ಬಿದ್ದದ್ದು ಭೂಮಿ ಯೋಜನೆಯಲ್ಲಿ. 1990ರ ದಶಕದ ಕೊನೆಗೆ ಶುರುವಾಗಿ 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳನ್ನೆಲ್ಲ ಮುಟ್ಟಿದ ಈ ಕೆಲಸದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಂತ್ರಾಂಶ ಬರೆದದ್ದು ಕೇಂದ್ರ ಸರ್ಕಾರದ ಗಣಕ ಸಂಸ್ಥೆ ಎನ್.ಐ.ಸಿ.; ಕನ್ನಡ ಮೂಡಿಸುವ ಸಲಕರಣೆ ಪುಣೆಯ ಸಿ-ಡ್ಯಾಕ್‌ನದು; ಯಂತ್ರ ಕೊಂಡು ಕೊಟ್ಟದ್ದು ಸರ್ಕಾರ; ಅಕ್ಷರ ಟೈಪು ಮಾಡಿದವರು ಗುತ್ತಿಗೆಯ ಹುಡುಗರು; ತಾಳೆ ನೋಡಿದವರು ಗ್ರಾಮ ಲೆಕ್ಕಿಗರು. ಒಂದೇ ತಂತ್ರಾಂಶ ಕೊಪ್ಪದ ಕಚೇರಿಯಲ್ಲೂ ನರಸಿಂಹರಾಜಪುರದಲ್ಲೂ ಬಯಲುಸೀಮೆಯಲ್ಲೂ ಆಯಾ ತಾಲ್ಲೂಕಿನ ಸರ್ವರಿನ ಮೇಲೆ ನಡೆಯಬೇಕಿತ್ತು. ಇಷ್ಟು ಕೈಗಳು ಸೇರಿದ ಕಡೆ ತಪ್ಪು ನನ್ನದಲ್ಲ ಎಂದು ಜಾರಿಕೊಳ್ಳುವುದು ಸುಲಭ. ಅದನ್ನು ತಡೆದದ್ದು ಎರಡು ಸಣ್ಣ ಏರ್ಪಾಟು. ಯಾರು ತಿದ್ದಿದರು ಎಂಬುದಕ್ಕೆ ಬೆರಳಚ್ಚು ಬೇಕಾಯಿತು. ಒರೆಸಿದ ಅಂಗೈಗೆ ಮೊದಲ ಬಾರಿ ಗುರುತು ಬಂತು. ಇನ್ನೊಂದು, ಕಿಟಕಿಯ ಈಚೆಗೆ ಮುಖಮಾಡಿ ಇಟ್ಟ ಎರಡನೆಯ ಪರದೆ. ಹದಿನೈದು ರೂಪಾಯಿ ಕೊಟ್ಟು ಪಹಣಿ ಕೇಳಲು ಬಂದ ರೈತ, ಒಳಗೆ ಕೂತವರು ಏನನ್ನು ನೋಡುತ್ತಿದ್ದಾರೋ ಅದನ್ನೇ ತಾನೂ ನೋಡಬಹುದಿತ್ತು. ಭೂಮಿಯ ಬಗ್ಗೆ ಬಂದ ಹೊಗಳಿಕೆಯಲ್ಲಿ ವೇಗದ ಮಾತೇ ಹೆಚ್ಚು. ನನ್ನ ಮಟ್ಟಿಗೆ ಅದರ ದೊಡ್ಡ ಸಾಧನೆ ಆ ಎರಡನೆಯ ಪರದೆ.

ಮುಂದೆ ತಾಲ್ಲೂಕಿನ ಸರ್ವರುಗಳ ದಾಖಲೆ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋಯಿತು. ಇದನ್ನು ಸಮರ್ಥಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಮಲೆನಾಡಿನ ಮಳೆಗಾಲದ ತೇವ, ಸಿಡಿಲು, ಮರ ಬಿದ್ದು ಹೋಗುವ ಕರೆಂಟು ಇವೆಲ್ಲದರ ನಡುವೆ ತಾಲ್ಲೂಕು ಕಚೇರಿಯ ಕೋಣೆಯಲ್ಲಿ ಒಂದೇ ಪ್ರತಿ ಇಟ್ಟು ಕೂರುವುದು ಬುದ್ಧಿವಂತಿಕೆಯಲ್ಲ. ದೂರದಲ್ಲೊಂದು ಪ್ರತಿ ಇರಲೇಬೇಕು. ಆದರೆ ದೂರದ ಪ್ರತಿ ಹತ್ತಿರದ ಪ್ರತಿಗೆ ಆಸರೆಯಾಗಬೇಕು, ಅದನ್ನು ನುಂಗಬಾರದು. ಮಳೆಗೆ ತಂತಿ ಹರಿದ ದಿನ ತಾಲ್ಲೂಕಿನ ಯಂತ್ರವಾದರೆ ಜನರೇಟರ್ ಹಚ್ಚಿ ಪಹಣಿ ಕೊಡಬಹುದು. ಬೆಂಗಳೂರಿನಲ್ಲಿರುವ ದಾಖಲೆ ಅಂದು ಎಷ್ಟು ಭದ್ರವಾಗಿದ್ದರೂ ಶೃಂಗೇರಿಯ ಕಿಟಕಿಗೆ ಇಲ್ಲದಂತೆಯೇ. ಇದಕ್ಕಿಂತ ಆಳದ ತೊಡಕು ಓದುವುದರದು. ಬಳಪದ ಅಕ್ಷರಕ್ಕೂ ಕಣ್ಣಿಗೂ ನಡುವೆ ಯಾರೂ ಇರಲಿಲ್ಲ. ಹಳೆಯ ಮೋಡಿ ಬರಹವೂ ಕಲಿತರೆ ಬಂದೀತು. ಡಿಸ್ಕಿನ ಅಕ್ಷರಕ್ಕೆ ತಂತ್ರಾಂಶವೇ ಕಣ್ಣು. ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಬರೆದಿಟ್ಟ ಕನ್ನಡವನ್ನು ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದವರಿಗೆ ಗೊತ್ತು: ಕಡತ ಇದೆ, ಅಕ್ಷರವೂ ಇದೆ, ಓದಿದರೆ ರೋಮನ್ ಲಿಪಿಯ ಚೆಲ್ಲಾಪಿಲ್ಲಿ. ಪೆಟ್ಟಿಗೆ ನಮ್ಮದಾಗಿ ಬೀಗದ ಕೈ ಮಾತ್ರ ಇನ್ನೊಬ್ಬರಲ್ಲಿ ಉಳಿದರೆ ಆ ಪೆಟ್ಟಿಗೆಯ ಒಡೆತನಕ್ಕೆ ಏನು ಅರ್ಥ?

ಈ ಪ್ರಶ್ನೆ ಈಗ ಕೃಷಿಪತ್ತಿನ ಸಹಕಾರ ಸಂಘಗಳ ಬಾಗಿಲಿಗೂ ಬಂದಿದೆ. ದೇಶದ 63,000 ಸಂಘಗಳನ್ನು ಒಂದೇ ತಂತ್ರಾಂಶದಡಿ ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಡಿಕೆ ಬೆಳೆಗಾರರ ಸಾಲ, ಠೇವಣಿ, ಗೊಬ್ಬರದ ಬಾಕಿ ಎಲ್ಲವೂ ಇಂಥ ಸಂಘಗಳ ಲೆಕ್ಕದಲ್ಲಿವೆ. ಸಂಘದ ನಿರ್ದೇಶಕರು, ಮಠ ಮಂದಿರಗಳ ಆಡಳಿತದವರು, ಕಾಲೇಜುಗಳ ಗ್ರಂಥಪಾಲಕರು ಹೊರಗಿನ ತಂತ್ರಾಂಶವನ್ನು ತಮ್ಮ ಯಂತ್ರದ ಮೇಲೆ ಕೂರಿಸಿಕೊಳ್ಳುವ ಮುನ್ನ ಒಪ್ಪಂದದಲ್ಲಿ ಎರಡು ಸಾಲು ಬರೆಸಿಕೊಳ್ಳಲಿ: ಆ ತಂತ್ರಾಂಶ ಇಲ್ಲದೆಯೂ ಓದಬಹುದಾದ ರೂಪದಲ್ಲಿ ನಮ್ಮ ದಾಖಲೆಯ ಪೂರ್ತಿ ಪ್ರತಿಯೊಂದು ವರ್ಷಕ್ಕೊಮ್ಮೆ ನಮ್ಮ ಕೈಗೆ ಬರಬೇಕು, ಲೆಕ್ಕ ಯಾರದೋ ಅವರು ಕೇಳಿದ ದಿನ ಅದನ್ನು ನೋಡುವಂತಿರಬೇಕು.