ಚಾಲಿನ ಸಾಲು: ರಂಗಗೀತೆಯ ಎರವಲು ಮತ್ತು ಕೃತಿಸ್ವಾಮ್ಯ

ಮರಾಠಿ ಸಂಗೀತ ನಾಟಕಗಳ ಹಳೆಯ ಮುದ್ರಣಗಳಲ್ಲಿ ಪದದ ನೆತ್ತಿಯ ಮೇಲೆ ಸಣ್ಣಕ್ಷರದ ಸಾಲೊಂದು ಕಾಣಸಿಗುತ್ತದೆ. 'ಚಾಲ್' ಎಂದು ಆರಂಭವಾಗುವ ಆ ಸಾಲು, ಪದವನ್ನು ಯಾವ ಹಾಡಿನ ಮಟ್ಟಿನಲ್ಲಿ ಹಾಡಬೇಕೆಂಬುದನ್ನು ಸೂಚಿಸುತ್ತದೆ. ಕನ್ನಡ ನಾಟಕದ ಪುಸ್ತಕಗಳಲ್ಲಿ ಇದೇ ಕೆಲಸವನ್ನು 'ಧಾಟಿ', 'ಮಟ್ಟು' ಎಂಬ ಮಾತುಗಳು ಮಾಡುತ್ತವೆ. ನಾಟಕವನ್ನು ಸಾಹಿತ್ಯವೆಂದು ಓದುವವರು ಸಾಮಾನ್ಯವಾಗಿ ಇದನ್ನು ಗಮನಿಸದೆ ಮುಂದೆ ಸಾಗುತ್ತಾರೆ. ಸಂಗೀತದ ಎರವಲಿನ ಇತಿಹಾಸವನ್ನು ಅರಸುವವರು ಮೊದಲು ನಿಲ್ಲಬೇಕಾದುದು ಇಲ್ಲಿಯೇ ಎಂಬುದು ನಮ್ಮ ಅಭಿಪ್ರಾಯ.

ಅಣ್ಣಾಸಾಹೇಬ ಕಿರ್ಲೋಸ್ಕರರು (1843-1885) ಹುಟ್ಟಿದುದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಪುಣೆಯಲ್ಲಿ ರಂಗವನ್ನೇರಿದ 'ಸಂಗೀತ ಶಾಕುಂತಲ', 1882ರ 'ಸಂಗೀತ ಸೌಭದ್ರ' ಇವುಗಳ ಪದಗಳಿಗೆ ಅವರು ಸಾಕಿ, ದಿಂಡಿಗಳೊಡನೆ ಕನ್ನಡ ಹಾಡುಗಳ ಮಟ್ಟುಗಳನ್ನೂ ಬಳಸಿಕೊಂಡರು. ಎರವಲನ್ನು ಮರೆಮಾಚುವ ಅಗತ್ಯ ಕವಿಗಿರಲಿಲ್ಲ. ಪರಿಚಿತ ಮಟ್ಟು ಪ್ರೇಕ್ಷಕನನ್ನು ಹೊಸ ಪದದ ಸಮೀಪಕ್ಕೆ ತರುವ ಸಾಧನವಾಗಿತ್ತು. 1911ರ 'ಮಾನಾಪಮಾನ'ದಲ್ಲಿ ಗೋವಿಂದರಾವ ಟೆಂಬೆಯವರು ಹಿಂದೂಸ್ಥಾನಿ ಚೀಜು, ಠುಮರಿಗಳತ್ತ ತಿರುಗಿದರು. ಅದು ಬೇರೆಯದೇ ಅಧ್ಯಾಯ.

ಕಾನೂನಿಗಾದರೋ ಇಂಥ ಮಟ್ಟುಗಳು ಬಹುಕಾಲ ಕೇಳಿಸಲೇ ಇಲ್ಲ. ಮುದ್ರಿತವಾದ, ಬರೆಯಲಾದ ಅಥವಾ ಅನ್ಯರೀತಿಯಲ್ಲಿ ಲಿಪಿರೂಪಕ್ಕಿಳಿದ ಸ್ವರಸಂಯೋಜನೆಯೇ ಸಂಗೀತ ಕೃತಿ ಎಂದು 1957ರ ಕೃತಿಸ್ವಾಮ್ಯ ಅಧಿನಿಯಮವು ನಿರೂಪಿಸಿತ್ತು. ಸ್ವರಲಿಪಿಯ ಹಂಗಿಲ್ಲದೆ ಬಾಯಿಂದ ಬಾಯಿಗೆ ಸಾಗುವ ಮಟ್ಟು ಅದರ ದೃಷ್ಟಿಯಲ್ಲಿ ಕೃತಿಯೇ ಅಲ್ಲ! 1994ರ ತಿದ್ದುಪಡಿ ಈ ಷರತ್ತನ್ನು ಕೈಬಿಟ್ಟಿತು. ಆದರೆ ಕಿರ್ಲೋಸ್ಕರರ ಕಾಲದ ಅನಾಮಿಕ ಹಾಡುಗಾರರಿಗೆ ಅದರಿಂದ ದೊರೆಯುವುದೇನೂ ಇರಲಿಲ್ಲ.

2012ರ ತಿದ್ದುಪಡಿಯ 31ಸಿ ಕಲಮು ಇನ್ನೂ ಕುತೂಹಲಕರ. ಹಾಡು ಮೊದಲು ಧ್ವನಿಮುದ್ರಣಗೊಂಡ ವರ್ಷ ಮುಗಿದು ಐದು ವರ್ಷಗಳಾದ ಬಳಿಕ, ಮುಂಚಿತವಾಗಿ ತಿಳಿಸಿ, ನಿಗದಿತ ರಾಯಧನವನ್ನು ತೆತ್ತು, ಅದನ್ನು ಬೇರೆಯವರು ಮತ್ತೆ ಹಾಡಿ ಮುದ್ರಿಸಬಹುದು. ಆದರೆ ಇದು ಮರುಗಾಯನವೆಂದು ಹೊದಿಕೆಯ ಮೇಲೆ ನಮೂದಿಸಲೇಬೇಕು. ರಂಗಭೂಮಿ ತಾನಾಗಿ ಪಾಲಿಸಿದ ಚಾಲಿನ ಸಾಲನ್ನು ಶಾಸನ ಹೀಗೆ ತಡವಾಗಿ ನೆನಪಿಸಿಕೊಂಡಂತಿದೆ. ವ್ಯತ್ಯಾಸವೊಂದುಂಟು: ತಾಂತ್ರಿಕವಾಗಿ ಅನಿವಾರ್ಯವಾದುದರ ಹೊರತು ಬದಲಾವಣೆ ಸಲ್ಲದು. ಮಟ್ಟನ್ನುಳಿಸಿ ಮಾತನ್ನು ಬದಲಿಸುವ ಕಿರ್ಲೋಸ್ಕರರ ವಿಧಾನ, ಸ್ವಾಮ್ಯದಲ್ಲಿರುವ ಹಾಡಿನ ಮಟ್ಟಿಗೆ, ಈ ಕಲಮಿನ ಆಶ್ರಯದಲ್ಲಿ ಸಾಧ್ಯವಿಲ್ಲ. ಒಡೆಯನ ಅನುಮತಿಯೇ ಬೇಕು.

ಮುಂಬಯಿ, ಪುಣೆಗಳ ಕನ್ನಡ ಸಂಶೋಧಕರಿಗೆ ಇಲ್ಲೊಂದು ಕೆಲಸ ಕಾದಿದೆ. ಮರುಮುದ್ರಣಗಳನ್ನು ನೆಚ್ಚದೆ, ಆರಂಭದ ಮುದ್ರಣಗಳಿಂದಲೇ ಚಾಲಿನ ಸಾಲುಗಳನ್ನು ಪಟ್ಟಿ ಮಾಡಬೇಕು. ಅಲ್ಲಿ ಹೆಸರಿಸಿದ ಕೆಲವು ಕನ್ನಡ ಹಾಡುಗಳಲ್ಲಿ ಇಂದು ಉಳಿದಿರುವುದು ಮೊದಲ ಮೂರು ನಾಲ್ಕು ಮಾತುಗಳಷ್ಟೇ ಆಗಿರಬಹುದು, ಅವೂ ದೇವನಾಗರಿಯಲ್ಲಿ.